ಗುಡಿಯಿಲ್ಲದ ಜಾಗದಲ್ಲಿ ಮೂರು ಹಾರ್ನ್

"ಅಲ್ಲಾಡಬೇಡ ಮುದುಕ! ನೀನು ಅಲ್ಲಾಡಿದ್ರೆ ನನ್ನ ಬೆರಳೂ ಅಲ್ಲಾಡುತ್ತೆ!"

ಪಿಸ್ತೂಲಿನ ಮೂತಿ ನನ್ನ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿತ್ತು.

ಹಿಡಿದಿದ್ದವನು ಮತುರಾನಾ. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತಿದ್ದ. ರಾಜಧಾನಿಯಿಂದ ಕರೆಸಿದ ಬಾಡಿಗೆ ರೌಡಿ. ಬಾಯಲ್ಲಿ ಚೂಯಿಂಗ್ ಗಮ್, ಕಾಲಲ್ಲಿ ಹೊಸ ಶೂ. ಮರುಭೂಮಿಯ ಮುಖ ಕಂಡವನಲ್ಲ ಅನ್ನುವುದು ನೋಡಿದರೇ ಗೊತ್ತಾಗುತ್ತಿತ್ತು.

ಗಾಡಿ ಓಡಿಸುತ್ತಿದ್ದವನು ವಿಲ್ದೊ. ನಮ್ಮ ಉತ್ತರದ ಮರುಭೂಮಿಯವನೇ. ಬೆಳಗ್ಗೆಯಿಂದ ತುಟಿ ಬಿಚ್ಚಿರಲಿಲ್ಲ. ಕನ್ನಡಿಯಲ್ಲಿ ಕೂಡ ನಮ್ಮ ಕಡೆ ನೋಡಿರಲಿಲ್ಲ.

ಹಿಂದಿನ ಸೀಟಿನಲ್ಲಿ ನಾನು, ನನ್ನ ಪಕ್ಕ ಯಾಸ್ನಾ. ಇಬ್ಬರ ಮಣಿಕಟ್ಟಿಗೂ ಪ್ಲಾಸ್ಟಿಕ್ ಪಟ್ಟಿ ಬಿಗಿದಿದ್ದರು. ಕೈ ಹಿಂದಕ್ಕೆ ಕಟ್ಟದೆ ಮುಂದಕ್ಕೆ ಕಟ್ಟಿದ್ದರು... ಅಷ್ಟು ದಯೆ!

ನನ್ನ ಹೆಸರು ಎರಿಬೆರ್ತೊ ಬರ್ರಾಸಾ. ಅಂತೋಫಗಾಸ್ತಾ ಬಂದರಿನಲ್ಲಿ ಯಾರನ್ನು ಕೇಳಿದರೂ ಬೇತೊ ಅಂದರೆ ಗೊತ್ತು. ಕಳೆದುಹೋದವರನ್ನು ಹುಡುಕುತ್ತೇನೆ. ಅಡಗಬೇಕಾದವರನ್ನು ಅಡಗಿಸುತ್ತೇನೆ. ಆವತ್ತು ನನ್ನನ್ನೇ ಹುಡುಕಿಕೊಡುವವರು ಯಾರೂ ಇರಲಿಲ್ಲ ನೋಡಿ!

ಯಾಸ್ನಾಳ ಗಂಡ ಸೆಗುಂದೊ ಲಾರಿ ಡ್ರೈವರ್. ದೋನ್ ಫೆರ್ಮಿನ್ ಅನ್ನುವ ದೊಡ್ಡ ಲಾರಿ ಮಾಲೀಕನ ಹತ್ತಿರ ಕೆಲಸಕ್ಕಿದ್ದ. ಮೂರು ವರ್ಷದ ಹಿಂದೆ ತಾಮ್ರದ ಲೋಡಿನ ಸಮೇತ ಮಾಯ. ಸರಕು ಮಾರಿಕೊಂಡು ಇನ್ನೊಬ್ಬಳನ್ನು ಕಟ್ಟಿಕೊಂಡು ಬೊಲಿವಿಯಾಗೆ ಓಡಿಹೋದ ಅಂತ ದೋನ್ ಫೆರ್ಮಿನ್ ಊರೆಲ್ಲ ಡಂಗುರ ಹೊಡೆಸಿದ. ಊರೂ ನಂಬಿತು. ಯಾಸ್ನಾ ನಂಬಲಿಲ್ಲ.

"ಬದುಕಿದ್ದಿದ್ರೆ ಮಗಳಿಗಾದ್ರೂ ಒಂದು ಫೋನ್ ಮಾಡ್ತಿದ್ದ. ಸತ್ತಿದಾನೆ ದೋನ್ ಬೇತೊ. ಎಲ್ಲಿ ಅಂತ ಮಾತ್ರ ಹುಡುಕಿಕೊಡಿ. ಅಷ್ಟು ಸಾಕು ನನಗೆ."

ಹೆಣವಿಲ್ಲದೆ ಕೇಸಿಲ್ಲ. ಕೇಸಿಲ್ಲದೆ ಅವಳ ಗಂಡ ಕಳ್ಳ, ಓಡಿಹೋದವನು. ಮಗಳು ಶಾಲೆಯಲ್ಲಿ ಕಳ್ಳನ ಮಗಳು.

ಹಾಗಾಗಿ ಇಬ್ಬರೂ ಹೊರಟೆವು. ಹೆದ್ದಾರಿಯುದ್ದಕ್ಕೂ ಲಾರಿಯವರ ಹೋಟೆಲುಗಳಲ್ಲಿ ವಿಚಾರಿಸುತ್ತಾ ಹೋದೆವು. ಯಾವನೋ ನಮ್ಮ ಮಾತನ್ನು ದೋನ್ ಫೆರ್ಮಿನ್ ಕಿವಿಗೆ ಹಾಕಿದ. ಬೆಳಗ್ಗೆ ಬೆಣ್ಣೆಹಣ್ಣು ಹಚ್ಚಿದ ಬ್ರೆಡ್ಡು ಬಾಯಿಗಿಡುವಷ್ಟರಲ್ಲಿ ಪಕ್ಕೆಗೆ ಪಿಸ್ತೂಲು ಬಂದು ತಗುಲಿತು. ಬ್ರೆಡ್ಡು ಅಲ್ಲೇ ಉಳಿಯಿತು.

"ಎಲ್ಲಿಗೆ ಕರ್ಕೊಂಡು ಹೋಗ್ತಿದೀಯಪ್ಪ?" ಮತುರಾನಾನನ್ನು ಕೇಳಿದೆ.

"ಹಳೇ ಪೆಟ್ಲುಪ್ಪಿನ ಗಣಿ ಇದೆಯಂತಲ್ಲ? ಬಾವಿ ಬಹಳ ಆಳವಂತೆ. ತಂಪಾಗಿರುತ್ತೆ ಬಿಡು."

ಅವನೇ ನಕ್ಕ. ಬೇರೆ ಯಾರೂ ನಗಲಿಲ್ಲ.

ಆ ಬಾವಿಗಳು ನನಗೆ ಗೊತ್ತು. ಕಲ್ಲು ಎಸೆದರೆ ಸದ್ದು ಮೇಲಕ್ಕೆ ಬರುವುದಿಲ್ಲ. ಹೆದರಿದೆ ಸ್ವಾಮಿ. ಯೋಚನೆ ಮಾಡೋಣ ಅಂದರೆ ತಲೆಯೇ ಓಡಲಿಲ್ಲ.

ಗಾಡಿ ನಿಧಾನವಾಯಿತು.

ಮುಂದೆ ರಸ್ತೆ ರಿಪೇರಿ! ಕಿತ್ತಳೆ ಬಣ್ಣದ ಕೋಟು ತೊಟ್ಟ ಹುಡುಗಿಯೊಬ್ಬಳು "ನಿಲ್ಲಿ" ಅನ್ನುವ ಹಲಗೆ ಹಿಡಿದು ನಡುರಸ್ತೆಯಲ್ಲಿ ನಿಂತಿದ್ದಳು.

ಮತುರಾನಾ ನಮ್ಮ ಕಟ್ಟಿದ ಕೈಗಳ ಮೇಲೆ ಕಂಬಳಿ ಎಸೆದ, ಪಿಸ್ತೂಲಿನ ಮೇಲೆ ಜಾಕೆಟ್ ಹೊದಿಸಿದ.

"ಯಾರಾದ್ರೂ ಉಸಿರೆತ್ತಿದ್ರೆ ಮೊದಲ ಗುಂಡು ಆ ಹುಡುಗಿಗೆ. ಆಮೇಲೆ ನಿಮಗೆ. ಗೊತ್ತಾಯ್ತಾ?"

ಹುಡುಗಿ ಕಿಟಕಿಯ ಹತ್ತಿರ ಬಂದಳು. "ಸ್ವಲ್ಪ ಕಾಯ್ಬೇಕು, ಆ ಕಡೆಯಿಂದ ಗಾಡಿ ಬರ್ತಿದೆ. ಎಲ್ಲಿಗೆ ಹೊರಟ್ರಿ ಇಷ್ಟು ಬಿಸಿಲಲ್ಲಿ?"

"ಮಾವನ ಮನೆಗೆ," ಅಂದ ಮತುರಾನಾ.

ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಕಣ್ಣು ಅರಳಿಸಿದೆ. ಹುಬ್ಬು ಕುಣಿಸಿದೆ. ಮುಖದಲ್ಲಿ ಏನೇನು ಮಾಡಬಹುದೋ ಎಲ್ಲ ಮಾಡಿದೆ!

"ಪಾಪ, ಅಜ್ಜನಿಗೆ ಹೊಟ್ಟೆ ಕೆಟ್ಟಿದೆಯಾ? ಮುಂದೆ ಬಂಡೆ ಇದೆ, ಅದರ ಹಿಂದೆ ನಿಲ್ಲಿಸಿ," ಅಂದು ಹಲಗೆ ತಿರುಗಿಸಿದಳು. ಹಸಿರು. ಹೋಗಿ!

ಹೋದೆವು. ಕನ್ನಡಿಯಲ್ಲಿ ಅವಳು ಸಣ್ಣಗಾಗುತ್ತಾ ಹೋದಳು. ಅಳು ಬರುವ ಹಾಗಾಯಿತು ನನಗೆ.

ಪೀಂ ಪೀಂ ಪೀಂ!

ವಿಲ್ದೊ ಹಾರ್ನ್ ಒತ್ತಿದ್ದ. ರಸ್ತೆ ಪಕ್ಕ ಅನಿಮಿತಾ ಒಂದು ಸರ್ರನೆ ಸರಿದುಹೋಯಿತು. ಮೊಣಕಾಲೆತ್ತರದ ಗುಡಿ, ಶಿಲುಬೆ, ಬಿಸಿಲಿಗೆ ಬಣ್ಣಗೆಟ್ಟ ಪ್ಲಾಸ್ಟಿಕ್ ಹೂ. ಯಾರೋ ಪಾಪದವರು ಅಪಘಾತದಲ್ಲಿ ಅಲ್ಲೇ ಜೀವ ಬಿಟ್ಟಿದ್ದರು.

"ಏನೋ ಇದು ಬೆಳಗ್ಗೆಯಿಂದ ಪೀಂ ಪೀಂ?" ಮತುರಾನಾ ರೇಗಿದ. "ಮದುವೆ ದಿಬ್ಬಣ ಹೊರಟಿದೀವಾ? ಗುಡಿ ಕಂಡಲ್ಲೆಲ್ಲ ಹೊಡೀತಿದೀಯಲ್ಲ!"

ವಿಲ್ದೊ ಮೊದಲ ಸಲ ಬಾಯಿ ಬಿಟ್ಟ. "ಹೊಡೀಲೇಬೇಕು. ಜೀವ ಎಲ್ಲಿ ಹೋಗಿರುತ್ತೋ ಅಲ್ಲೇ ಕೂತಿರುತ್ತೆ. ಮಾತಾಡಿಸದೆ ಹೋದ್ರೆ ಬೆನ್ನು ಹತ್ತುತ್ತೆ."

"ಥೂ ನಿಮ್ಮ! ದೆವ್ವಕ್ಕೆ ಹೆದರೋ ಡ್ರೈವರು!"

"ನೀನು ಇಲ್ಲಿ ಗಾಡಿ ಓಡಿಸಿ ನೋಡು. ಆಮೇಲೆ ಮಾತಾಡು."

ಮತುರಾನಾ ಗಮ್ ಉಗಿದ. ಇನ್ನೊಂದು ಗುಡಿ ಬಂತು, ಮೂರು ಹಾರ್ನ್. ಮತ್ತೊಂದು ಬಂತು, ಮತ್ತೆ ಮೂರು. ಹಾರ್ನಿನ ಮೇಲಿನ ಕೈ ತಾನಾಗಿಯೇ ಏಳುತ್ತಿತ್ತು, ಬೀಳುತ್ತಿತ್ತು. ನಮ್ಮ ಕಡೆಯವರೆಲ್ಲ ಹಾಗೇ. ನಾನೂ ಹಾಗೇ.

ನಾನು ಸದ್ದಿಲ್ಲದೆ ಪಟ್ಟಿ ಎಳೆಯುತ್ತಿದ್ದೆ. ಚರ್ಮ ಕಿತ್ತುಬಂತು. ಪಟ್ಟಿ ಬರಲಿಲ್ಲ.

ಎದುರಿಗೆ ಟ್ಯಾಂಕರ್ ಬಂತು. ಅದರ ಡ್ರೈವರು ನಗುತ್ತಾ ಕೈ ಎತ್ತಿದ. ವಿಲ್ದೊನೂ ಕೈ ಎತ್ತಿದ. ಟ್ಯಾಂಕರ್ ಹೋಯಿತು. ಅದರ ಹಿಂದೆಯೇ ನನ್ನ ಕೊನೆಯ ಆಸೆಯೂ ಹೋಯಿತು.

ಪೀಂ ಪೀಂ ಪೀಂ!

ಅಭ್ಯಾಸಬಲದಿಂದ ಬಲಗಡೆ ನೋಡಿದೆ. ಗುಡಿ ಇರಲಿಲ್ಲ. ಎಡಗಡೆ ನೋಡಿದೆ. ಅಲ್ಲೂ ಇಲ್ಲ! ಶಿಲುಬೆಯಿಲ್ಲ, ಹೂವಿಲ್ಲ, ಏನೂ ಇಲ್ಲ. ಬರೀ ಜಲ್ಲಿ, ಅದರಾಚೆ ಒಂದು ಸಣ್ಣ ದಿಬ್ಬ.

ನನಗೆ ಹೊಳೆಯುವ ಮೊದಲೇ ಯಾಸ್ನಾಗೆ ಹೊಳೆದಿತ್ತು.

"ಯಾರಿಗೆ?" ಅಂದಳು.

ವಿಲ್ದೊ ಗಾಡಿಯ ವೇಗ ಹೆಚ್ಚಿಸಿದ.

"ಈಗ ಹಾರ್ನ್ ಹೊಡೆದೆಯಲ್ಲ... ಯಾರಿಗೆ? ಅಲ್ಲಿ ಯಾವ ಗುಡಿಯೂ ಇಲ್ಲ."

"ಏಯ್, ಬಾಯ್ಮುಚ್ಚು!" ಅಂದ ಮತುರಾನಾ. ಅವನಿಗೆ ಏನೂ ಅರ್ಥವಾಗಿರಲಿಲ್ಲ.

ವಿಲ್ದೊನ ಕತ್ತಿನ ಹಿಂಭಾಗ ನನಗೆ ಕಾಣುತ್ತಿತ್ತು. ಬೆವರು ದಳದಳ ಇಳಿಯತೊಡಗಿತು. ಕೈ ಮಾಡಿದ ಕೆಲಸ ತಲೆಗೆ ಈಗ ತಿಳಿದಿತ್ತು. ಮೂರು ವರ್ಷ ಈ ರಸ್ತೆಯಲ್ಲಿ ಹೋಗುವಾಗ, ಬರುವಾಗ, ಯಾರೂ ಪಕ್ಕದಲ್ಲಿಲ್ಲದಾಗ ಒತ್ತಿದ ಹಾರ್ನ್!

"ಕೊಂಪಾದ್ರೆ," ಅಂದಳು ಯಾಸ್ನಾ.

ಮಗುವಿನ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಅವನಿಗೆ ಮಗುವಿನ ತಾಯಿ ಕೊಮಾದ್ರೆ. ಒಡಹುಟ್ಟಿದವರಿಗಿಂತ ಹೆಚ್ಚು. ಈ ವಿಷಯ ನನಗೂ ಆಗಲೇ ಗೊತ್ತಾದದ್ದು.

"ನನ್ನ ಮಗಳನ್ನ ಎತ್ತಿಕೊಂಡು ಪಾದ್ರಿ ಮುಂದೆ ನಿಂತಿದ್ದೆ ನೀನು. ನಮ್ಮನೇಲಿ ಉಂಡಿದ್ದೆ. ಸೆಗುಂದೊ ಅಲ್ಲಿದಾನಾ?"

ಗಾಡಿ ಅಡ್ಡಾದಿಡ್ಡಿಯಾಯಿತು.

"ನೆಟ್ಟಗೆ ಓಡಿಸೋ!" ಮತುರಾನಾ ಕಿರುಚಿದ.

"ಹೇಳು ಕೊಂಪಾದ್ರೆ. ಅಲ್ಲಿದಾನಾ ಇಲ್ವಾ? ಹೇಗೂ ಸಾಯ್ತೀನಲ್ಲ ಇವತ್ತು. ಹೇಳಿಬಿಡು!"

ವಿಲ್ದೊ ಬ್ರೇಕ್ ತುಳಿದ.

ಟೈರು ಕಿರ್ರೆಂದವು. ಮತುರಾನಾನ ಬುರುಡೆ ಗಾಜಿಗೆ ಬಡಿಯಿತು. ವಿಲ್ದೊ ಗಾಡಿ ತಿರುಗಿಸಿದ, ಬಂದ ದಾರಿಯಲ್ಲೇ ಭರ್ರನೆ ಹಿಂದಕ್ಕೆ ಹೋದ, ರಸ್ತೆ ಬಿಟ್ಟು ಜಲ್ಲಿಗಿಳಿದ. ದೂಳು ಎದ್ದು ಏನೂ ಕಾಣಲಿಲ್ಲ. ದಿಬ್ಬದ ಬುಡದಲ್ಲಿ ಗಾಡಿ ನಿಂತಿತು.

"ಹುಚ್ಚು ಹಿಡೀತಾ ನಿಂಗೆ?" ಮತುರಾನಾ ಪಿಸ್ತೂಲನ್ನು ಅವನ ಕಡೆ ತಿರುಗಿಸಿದ. ತಲೆಯಿಂದ ರಕ್ತ ಸೋರುತ್ತಿತ್ತು.

ವಿಲ್ದೊ ಪಿಸ್ತೂಲನ್ನು ನೋಡಲೇ ಇಲ್ಲ. ಕೆಳಗಿಳಿದ. ಹಿಂದಿನ ಬಾಗಿಲು ತೆರೆದ. ಯಾಸ್ನಾಳ ಭುಜ ಹಿಡಿದು ಮೆಲ್ಲಗೆ ಇಳಿಸಿದ.

"ದೋನ್ ಫೆರ್ಮಿನ್ ನನ್ನ ಕಣ್ಣೆದುರೇ ಗುಂಡು ಹೊಡೆದ ಕೊಮಾದ್ರೆ. ನಾನಲ್ಲ. ತಾಮ್ರದ ಅಡಿಯಲ್ಲಿ ಡ್ರಗ್ಸ್ ಮೂಟೆ ಇಡ್ತಿದ್ರು. ಸೆಗುಂದೊ ಒಪ್ಪಲಿಲ್ಲ. ನಾನು... ನಾನು ಗುಂಡಿ ತೋಡಿದೆ ಅಷ್ಟೇ."

"ಅಷ್ಟೇನಾ?" ಅಂದಳು ಯಾಸ್ನಾ.

ಅವನು ಮುಖ ಮುಚ್ಚಿಕೊಂಡು ಅತ್ತ.

ಮತುರಾನಾ ಆಗಲೇ ಇಳಿದು ಬಂದಿದ್ದ. "ಸರಿ, ನಾಟಕ ಸಾಕು. ಗಣಿಗೆ ಹೋಗೋ ಡೀಸೆಲ್ಲೂ ಉಳೀತು. ಇಬ್ಬರನ್ನೂ ಇಲ್ಲೇ ಮುಗಿಸ್ತೀನಿ."

"ಇಲ್ಲಿ ಬೇಡ!" ವಿಲ್ದೊ ಚೀರಿದ. "ಒಬ್ಬನಿಗೇ ನಿದ್ದೆ ಬರ್ತಿಲ್ಲ ನಂಗೆ! ಇನ್ನೂ ಇಬ್ಬರನ್ನ ಇಲ್ಲಿ ಕೂರಿಸ್ತೀಯಾ?"

ಅವನ ಮೈಮೇಲೆ ಬಿದ್ದ. ಢಂ!

ವಿಲ್ದೊ ಹೊಟ್ಟೆ ಹಿಡಿದು ಕುಸಿದ. ಆದರೆ ಮತುರಾನಾನ ಕೈ ಬಿಡಲಿಲ್ಲ. ನಾನು ಕಟ್ಟಿದ ಕೈಯಲ್ಲೇ ಗಾಡಿಯಿಂದ ಹಾರಿದೆ. ಮೂವರೂ ಜಲ್ಲಿಯ ಮೇಲೆ ಉರುಳಿದೆವು. ಮೊಣಕೈಯಿಂದ ಮತುರಾನಾನ ಮೂಗಿಗೆ ಗುದ್ದಿದೆ. ಮೂಳೆ ಲಟಕ್ಕೆಂದಿತು. ಪಿಸ್ತೂಲು ಕೈಜಾರಿ ದೂರ ಬಿತ್ತು.

ಅದನ್ನು ಎತ್ತಿಕೊಂಡವಳು ಯಾಸ್ನಾ.

ಮತುರಾನಾ ಅವಳ ಕಣ್ಣು ನೋಡಿದ. ಅಷ್ಟು ಸಾಕಾಯಿತು ಅವನಿಗೆ. ಎದ್ದು ಓಡಿದ, ಗಾಡಿ ಹತ್ತಿದ, ಸ್ಟಾರ್ಟ್ ಮಾಡಿದ. ನೇರ ನಮ್ಮ ಮೇಲೇ ಬಂದ!

ಢಂ! ಢಂ!

ಮುಂದಿನ ಗಾಜು ಪುಡಿಪುಡಿ. ಗಾಡಿ ನನ್ನ ಕಾಲ ಪಕ್ಕದಲ್ಲೇ ತಿರುಗಿ ರಸ್ತೆ ಹತ್ತಿತು. ದಕ್ಷಿಣಕ್ಕೆ ಹೋಯಿತು. ನೀರಿನ ಕ್ಯಾನು ಅದರಲ್ಲಿತ್ತು. ನಮ್ಮ ಫೋನುಗಳೂ ಅದರಲ್ಲೇ ಇದ್ದವು.

ಉಳಿದದ್ದು ನಾವು ಮೂವರು. ನೆತ್ತಿಯ ಮೇಲೆ ಸೂರ್ಯ.

ವಿಲ್ದೊ ಬದುಕಬೇಕಿತ್ತು ಸ್ವಾಮಿ. ದೋನ್ ಫೆರ್ಮಿನ್ ಗುಂಡು ಹೊಡೆದದ್ದನ್ನು ಕಣ್ಣಾರೆ ಕಂಡವನು ಅವನೊಬ್ಬನೇ. ನನ್ನ ಅಂಗಿಯ ತುಂಡು ಹರಿದು ಗಾಯ ಒತ್ತಿ ಹಿಡಿದೆ. ರಕ್ತ ನಿಲ್ಲಲಿಲ್ಲ.

"ಸಾಯಬೇಡ!" ಯಾಸ್ನಾ ಅವನ ಕಾಲರ್ ಹಿಡಿದು ಅಲ್ಲಾಡಿಸಿದಳು. "ಜಡ್ಜ್ ಮುಂದೆ ಹೇಳೋವರೆಗೂ ಸಾಯೋ ಹಾಗಿಲ್ಲ ನೀನು! ಕೇಳಿಸ್ತಾ? ಎಲ್ಲಿ, ಯಾವ ಜಾಗ?"

ಅವನು ಬೆರಳು ತೋರಿಸಿದ. ಅವಳು ಅಲ್ಲೇ ಮಂಡಿಯೂರಿ ಕಟ್ಟಿದ ಕೈಯಲ್ಲೇ ಅಗೆಯತೊಡಗಿದಳು. ಆಳವೇನೂ ಇರಲಿಲ್ಲ. ನಮ್ಮ ಮರುಭೂಮಿಯಲ್ಲಿ ಯಾವುದೂ ಕೊಳೆಯುವುದಿಲ್ಲ. ನೀಲಿ ಉಣ್ಣೆಯ ತೋಳು ಒಂದು ಮೇಲೆ ಬಂತು. ಅವಳೇ ಹೆಣೆದ ಸ್ವೆಟರ್. ಅವಳು ಅದರ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಳು. ನಾನು ಆ ಕಡೆ ನೋಡಲಾರದೆ ರಸ್ತೆಗೆ ಓಡಿದೆ.

ಲಾರಿ ಬಂತು! ಕಟ್ಟಿದ ಎರಡೂ ಕೈ ತಲೆಯ ಮೇಲೆತ್ತಿ ಕೂಗಿದೆ. "ನಿಲ್ಸಿ! ನಿಲ್ಸಿ!"

ಡ್ರೈವರು ನೋಡಿದ. ಮಣ್ಣಿನ ಗುಡ್ಡೆಯ ಮೇಲೆ ಅಳುತ್ತಿರುವ ಹೆಂಗಸು. ಎದುರಿಗೆ ಎರಡು ಕೈ ಜೋಡಿಸಿ ಎತ್ತಿರುವ ಮುದುಕ. ಟೋಪಿ ತೆಗೆದ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಪೀಂ ಪೀಂ ಪೀಂ!

ಹೋದ.

ಇನ್ನೊಂದು ಬಂತು. ಮೂರು ಹಾರ್ನ್ ಹೊಡೆದು ಹೋಯಿತು. ಬಸ್ಸು ಬಂತು. ಕಿಟಕಿಯಲ್ಲಿ ಅಜ್ಜಿಯರೆಲ್ಲ ಕೈ ಮುಗಿದರು! ನಡುರಸ್ತೆಗೆ ಹಾರಿದೆ. ಬಸ್ಸು ನನ್ನನ್ನು ಸುತ್ತಿಕೊಂಡು ಹೋಯಿತು. ಸಿಟ್ಟು ನೆತ್ತಿಗೇರಿ ಪಿಸ್ತೂಲು ತಂದು ಮುಂದಿನ ಲಾರಿಗೆ ಕಾಣುವ ಹಾಗೆ ಗಾಳಿಯಲ್ಲಿ ಹೊಡೆದೆ. ಅದು ಹಾರ್ನ್ ಕೂಡ ಹೊಡೆಯದೆ ಪೇರಿ ಕಿತ್ತಿತು. ಗುಂಡೂ ಅಲ್ಲಿಗೆ ಮುಗಿಯಿತು.

ಒಬ್ಬ ಮಾತ್ರ ವೇಗ ತಗ್ಗಿಸಿದ. ಕಿಟಕಿಯಿಂದ ನೀರಿನ ಬಾಟಲಿ ಎಸೆದ. "ಸತ್ತವರಿಗೆ!" ಅಂತ ಕೂಗಿ ಗೇರ್ ಬದಲಿಸಿದ.

ಯಾಸ್ನಾ ಒಂದು ಹನಿಯೂ ಕುಡಿಯಲಿಲ್ಲ. ಬಾಟಲಿಯನ್ನು ವಿಲ್ದೊನ ಬಾಯಿಗಿಟ್ಟಳು.

"ಕುಡಿ. ಜೀವ ಹಿಡ್ಕೊ. ನನಗೋಸ್ಕರ ಅಲ್ಲ, ನಿನ್ನ ಧರ್ಮಪುತ್ರಿಗೋಸ್ಕರ."

"ಹಾರ್ನ್ ಕೇಳಿಸ್ತಿದೆ ಕೊಮಾದ್ರೆ," ಅಂದ ಅವನು. "ಎಲ್ಲರೂ ಹೊಡೀತಿದಾರೆ. ಇನ್ನು ನಾನೊಬ್ಬನೇ ಅಲ್ಲ."

ಎರಡು ಗುಟುಕು ಒಳಗೆ ಹೋಯಿತು. ಮೂರನೆಯದು ಕಟವಾಯಿಯಿಂದ ಇಳಿದು ಮರಳಿಗೆ ಬಿತ್ತು. ಸಾಕ್ಷಿ ಸತ್ತ.

ಯಾಸ್ನಾ ಅವನ ಕೆನ್ನೆಗೆ ಬಾರಿಸಿದಳು. ಬೈದಳು. ಆಮೇಲೆ ಅವನ ಕಣ್ಣು ಮುಚ್ಚಿದಳು. ನನ್ನಿಂದ ಏನೂ ಆಗಲಿಲ್ಲ. ಏನೇನೂ ಆಗಲಿಲ್ಲ. ಪಕ್ಕದಲ್ಲಿ ಕೂತೆ, ಅಷ್ಟೇ.

ಹೊತ್ತು ಇಳಿಯಿತು. ದಿಬ್ಬ ಕೆಂಪಗಾಯಿತು. ಆಗ ಲಾರಿಯೊಂದು ತಾನಾಗಿಯೇ ರಸ್ತೆ ಬಿಟ್ಟು ಪಕ್ಕಕ್ಕೆ ಬಂದು ನಿಂತಿತು! ನಾನು ಕೂಗಿಯೂ ಇರಲಿಲ್ಲ. ದಪ್ಪ ಹೊಟ್ಟೆಯ ಡ್ರೈವರೊಬ್ಬ ಇಳಿದು ಬಂದ. ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಹೂ. ಮುಖದಲ್ಲಿ ಭಕ್ತಿ.

"ಹೊಸ ಅನಿಮಿತಾ ಆಗಿದೆ ಅಂತ ಲಾರಿ ರೇಡಿಯೋದಲ್ಲೆಲ್ಲ ಅದೇ ಮಾತು," ಅಂದ ತಗ್ಗಿದ ದನಿಯಲ್ಲಿ. "ಮಗಳ ಮದುವೆ ಕೂಡಿ ಬರ್ತಿಲ್ಲ ಯಜಮಾನ್ರೆ. ಇಲ್ಲಿ ಹರಕೆ ಹೊತ್ರೆ ನಡೆಸಿಕೊಡ್ತಾರಾ?"

ನಾನು ಕಟ್ಟಿದ ಕೈ ಅವನ ಮುಂದೆ ಚಾಚಿದೆ.

"ಮೊದಲು ಇದನ್ನ ಕತ್ತರಿಸಪ್ಪ. ಆಮೇಲೆ ಕೇಳ್ಕೊ... ಇಬ್ಬರಿದಾರೆ, ಯಾರು ಕೊಟ್ರೂ ಸರಿ!"