ಓನರ್ ಅಜ್ಜಿಗೆ ಕೊಟ್ಟ ಬೀಗದಕೈ

ಟ್ರಕ್ ರಿವರ್ಸ್‌ನಲ್ಲಿ ನನ್ನ ಮೇಲೇ ಬರುತ್ತಿತ್ತು!

ಬೆನ್ನ ಹಿಂದೆ ಗೋಡೆ. ಪಕ್ಕದಲ್ಲಿ ನನ್ನದೇ ಸೈಕಲ್ ಅಡ್ಡ ಬಿದ್ದಿತ್ತು. ಓಡಲು ಜಾಗವಿಲ್ಲ. ಟ್ರಕ್‌ನ ಸ್ಪೀಕರ್‌ನಿಂದ ಒಬ್ಬ ಹೆಂಗಸಿನ ರೆಕಾರ್ಡ್ ಮಾಡಿದ ದನಿ... "ವಾಹನ ಹಿಂದಕ್ಕೆ ಬರುತ್ತಿದೆ. ದಯವಿಟ್ಟು ಗಮನಿಸಿ."

ಜಪಾನ್ ಅಂದರೆ ಇದೇ ನೋಡಿ. ಸಾಯಿಸುವ ಮುಂಚೆಯೂ ವಿನಯವಾಗಿ ತಿಳಿಸುತ್ತಾರೆ!

ಹೊಟ್ಟೆಗೆ ಗೇಣು ದೂರ ಇರುವಾಗ ಟ್ರಕ್ ನಿಂತಿತು. ಹಿಂಬದಿಯಲ್ಲಿ ಪ್ರಣತಿಯ ಇಡೀ ಸಂಸಾರ ಕಾಣುತ್ತಿತ್ತು. ಕುಕ್ಕರ್. ಮಗಳ ಸ್ಕೂಲ್ ಬ್ಯಾಗು. ದೇವರ ಮಂಟಪ... ತಲೆಕೆಳಗಾಗಿ!

ನನ್ನ ಮೈಯೆಲ್ಲ ಉರಿದುಹೋಯಿತು.

ನಾನು ದ್ವಾರಕಾನಾಥ. ಯೋಕೋಹಾಮಾದಲ್ಲಿ ನಮ್ಮವರಿಗೆ ಬಾಡಿಗೆ ಮನೆ ಹುಡುಕಿಕೊಡುವುದು ನನ್ನ ಕಸುಬು. 'ಫಾರಿನರ್ಸ್‌ಗೆ ಕೊಡಲ್ಲ' ಎನ್ನುವ ಓನರ್‌ಗಳನ್ನು ಬಗ್ಗಿಸುತ್ತೇನೆ. ಬಗ್ಗಿಸುವುದು ಅಂದರೆ ನಾನೇ ಸೊಂಟ ಬಗ್ಗಿಸಿ ಬಗ್ಗಿಸಿ ನಮಸ್ಕಾರ ಹಾಕುವುದು, ಅಷ್ಟೆ.

ಪ್ರಣತಿ ಮೈಸೂರಿನ ಹೆಣ್ಣುಮಗಳು. ಇಲ್ಲಿ ಐಟಿ ಇಂಜಿನಿಯರ್. ಆರು ವರ್ಷದ ಮಗಳು ನಿಧಿಯನ್ನು ಒಬ್ಬಳೇ ಸಾಕುತ್ತಿದ್ದಾಳೆ. ಅವಳಿಗೊಂದು ಮನೆ ಸಿಗಬೇಕಾದರೆ ನನ್ನ ಚಪ್ಪಲಿ ಸವೆದಿತ್ತು! ಕೊನೆಗೂ ಕೊಟ್ಟವರು ಓಗಾವಾ ಅಜ್ಜಿ. ಕೆಳಗೆ ಅಜ್ಜಿ, ಮೇಲಿನ ರೂಮುಗಳಲ್ಲಿ ಬಾಡಿಗೆಯವರು.

ಆ ಅಜ್ಜಿಗೊಬ್ಬ ಅಣ್ಣನ ಮಗ. ಕುರೋದಾ. ಮನೆ ಕೆಡವಿ ಸೈಟು ಮಾರುವುದು ಅವನ ಪ್ಲಾನ್. ಅವನ ಕಾಟಕ್ಕೆ ಉಳಿದ ಬಾಡಿಗೆಯವರೆಲ್ಲ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಪ್ರಣತಿ ಮಾತ್ರ ಹೆದರಿ ನನಗೆ ಫೋನ್ ಮಾಡಿದಳು.

"ಖಾಲಿ ಮಾಡ್ಬೇಡಿ ಮೇಡಂ!" ಎದೆ ತಟ್ಟಿಕೊಂಡು ಹೇಳಿದ್ದೆ. "ಇಲ್ಲಿ ಕಾನೂನು ಬಾಡಿಗೆಯವರ ಕಡೆ. ಕೋರ್ಟ್ ಆರ್ಡರ್ ಇಲ್ದೆ ಅವರಪ್ಪ ಬಂದ್ರೂ ನಿಮ್ಮನ್ನ ಹೊರಗೆ ಹಾಕಕ್ಕಾಗಲ್ಲ."

ಈಗ ಅವಳ ಸಾಮಾನು ಟ್ರಕ್‌ನಲ್ಲಿತ್ತು. ಮಧ್ಯಾಹ್ನ ಆ ಬೀದಿಯಲ್ಲಿ ಹಾದುಹೋಗುವಾಗ ಟ್ರಕ್ ಹೊರಡುವುದನ್ನು ಕಂಡೆ. ಸೈಕಲ್ ತುಳಿದೆ. ಸಿಗ್ನಲ್ ಹಾರಿಸಿದೆ. ಮೀನಿನ ಅಂಗಡಿಯವನ ಬಾಯಿಂದ ಬೈಸಿಕೊಂಡೆ. ಗೋಡೌನ್ ಓಣಿಯಲ್ಲಿ ಕೊನೆಗೂ ಸಿಕ್ಕಿಬಿದ್ದದ್ದು ಟ್ರಕ್ ಅಲ್ಲ, ನಾನು!

ಕುರೋದಾ ಇಳಿದು ಬಂದ. ಕೈಗೆ ಬಿಳಿ ಗ್ಲೌಸ್. ಹಿಂದೆ ಇಬ್ಬರು ದಾಂಡಿಗರು.

"ಸುಮಿಮಾಸೆನ್, ಕ್ಷಮಿಸಿ ದ್ವಾರಕಾ ಸಾನ್. ಏಟಾಯ್ತಾ?" ಜಪಾನೀಸ್‌ನಲ್ಲಿ ಬೆಣ್ಣೆಯಂಥ ಮಾತು.

"ಸಾಮಾನು ವಾಪಸ್ ಇಡಿಸಿ. ಇದು ಇಲ್ಲೀಗಲ್!"

"ಯಾಕೆ? ಅವರು ಮನೆ ಬಿಟ್ಟಾಯ್ತಲ್ಲ."

"ಸುಳ್ಳು! ಮಗಳಿಗೆ ರಜೆ ಅಂತ ಸೆಂಡಾಯ್ ನೋಡೋಕೆ ಹೋಗಿದಾರೆ. ಇವತ್ತು ಬರ್ತಾರೆ!"

ಅವನು ಕೋಟಿನ ಜೇಬಿಗೆ ಕೈ ಹಾಕಿದ. ಚಾಕು ಅಂದುಕೊಂಡೆ...

ಅದು ಬೀಗದಕೈ! ಪ್ರಣತಿಯ ಮನೆಯದೇ. ಅವಳ ಗಣಪತಿ ಕೀಚೈನ್ ಸಮೇತ!

"ಅವರೇ ಅತ್ತೆ ಕೈಗೆ ಕೊಟ್ಟು ಹೋದ್ರು. ಕೀ ವಾಪಸ್ ಕೊಟ್ರೆ ಏನರ್ಥ ಅಂತ ನಿಮಗೆ ನಾನು ಹೇಳ್ಬೇಕಾ?"

ಬೇಕಿರಲಿಲ್ಲ. ಇಲ್ಲಿ ಊರಿಗೆ ಹೋಗುವವರು ಬೀಗದಕೈ ತಮ್ಮ ಜೇಬಿನಲ್ಲೇ ಇಟ್ಟುಕೊಂಡು ಹೋಗುತ್ತಾರೆ. ಓನರ್ ಕೈಗೆ ಕೊಡುವುದು ಮನೆ ಬಿಡುವ ದಿನ ಮಾತ್ರ.

ಕೀ ಕಸಿಯಲು ನುಗ್ಗಿದೆ. ದಾಂಡಿಗರು ನನ್ನನ್ನು ಅನಾಮತ್ತಾಗಿ ಎತ್ತಿ ಸೈಕಲ್ ಮೇಲೆ ಎಸೆದರು. ಮೊಣಕೈಯಿಂದ ರಕ್ತ. ಟ್ರಕ್ ಗೋಡೌನ್ ಒಳಗೆ ಹೋಯಿತು. ಶಟರ್ ಇಳಿಯಿತು.

ಫೋನ್ ಮಾಡಿದೆ. ಪ್ರಣತಿ ರೈಲಿನಲ್ಲಿದ್ದಳು. ಸೀಟಿನಲ್ಲಿ ಕೂತು ಮಾತಾಡುವಂತಿಲ್ಲ, ಬಾಗಿಲ ಬಳಿ ಬಂದು ಪಿಸುಗುಟ್ಟಿದಳು.

"ಕೀ ಯಾಕೆ ಕೊಟ್ರಿ ಮೇಡಂ?"

"ಊರಿಗೆ ಹೋಗ್ವಾಗ ಕೊಟ್ಟು ಹೋಗೋದಲ್ವಾ ಸರ್? ಮೈಸೂರಲ್ಲಿ ನಮ್ಮಮ್ಮ ಯಾವಾಗ್ಲೂ ಓನರ್ ಆಂಟಿ ಹತ್ರಾನೇ ಕೊಡ್ತಿದ್ರು. ಗಿಡಕ್ಕೆ ನೀರು ಹಾಕ್ಲಿ, ಸಂಜೆ ಲೈಟ್ ಹಾಕ್ಲಿ ಅಂತ... ಅಜ್ಜಿ ತುಂಬಾ ಒಳ್ಳೇವ್ರು ಸರ್. ಯಾಕೆ, ಏನಾಯ್ತು?"

ಏನು ಹೇಳಲಿ! ಮನೆ ಬಿಡುವ ಕಾಗದಕ್ಕೆ ಸೈನ್ ಹಾಕಬೇಡಿ ಅಂದಿದ್ದೆ, ಹಾಕಲಿಲ್ಲ. ಕುರೋದಾಗೆ ಬಾಗಿಲು ತೆಗೀಬೇಡಿ ಅಂದಿದ್ದೆ, ತೆಗೆಯಲಿಲ್ಲ. ಅಜ್ಜಿಯನ್ನು ನಂಬಬೇಡಿ ಅಂತ ಯಾರಾದರೂ ಹೇಳುತ್ತಾರಾ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!

ಪೊಲೀಸ್ ಚೌಕಿಗೆ ಓಡಿದೆ. ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಎರಡು ಕಡೆಯವರೂ ಕೂತು ಮಾತಾಡಿಕೊಳ್ಳಿ, ಇದು ಸಿವಿಲ್ ವಿಷಯ ಅಂದರು. ಮೊಣಕೈಗೆ ಬ್ಯಾಂಡೇಜ್ ಹಾಕಿ ಕಳಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಅಲ್ಲಿಂದ ಮನೆ ಹತ್ತಿರ ಬಂದೆ. ಜೆಸಿಬಿ ಆಗಲೇ ಮೇಲಿನ ರೂಮುಗಳಿಗೆ ಹತ್ತುವ ಮೆಟ್ಟಿಲನ್ನು ಕಿತ್ತು ಹಾಕಿತ್ತು! ಅಜ್ಜಿ ಗೇಟ್ ಬಳಿ ನಿಂತು ಅಳುತ್ತಿದ್ದರು. ಕುರೋದಾ ನನಗಿಂತ ಮುಂಚೆ ಬಂದು ಅವರ ಪಕ್ಕದಲ್ಲೇ ನಿಂತಿದ್ದ.

"ಕೀ ನಿಮಗೆ ಯಾಕೆ ಕೊಟ್ರು ಅಜ್ಜಿ?"

"ಗಿಡಕ್ಕೆ ನೀರು ಹಾಕೋಕೆ. ಇವನು ನಲ್ಲಿ ರಿಪೇರಿ ಅಂತ ನನ್ನಿಂದ ಇಸ್ಕೊಂಡ..."

"ಇದೊಂದು ಮಾತನ್ನ ಕೋರ್ಟಲ್ಲಿ ಹೇಳಿ ಸಾಕು. ಹೇಳ್ತೀರಾ?"

ಅಜ್ಜಿ ಅಣ್ಣನ ಮಗನ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಸೊಂಟ ಬಗ್ಗಿಸಿ ತಲೆ ತಗ್ಗಿಸಿದರು. ನಾನು ಕಾದೆ. ತಲೆ ಮೇಲೆ ಏಳಲೇ ಇಲ್ಲ.

ಅಳು ಬಂತು ನನಗೆ. ಹೊಡೆಯೋಣ ಅಂದರೆ ಯಾರನ್ನು ಹೊಡೆಯಲಿ?

ವಕೀಲರಿಗೆ ಫೋನ್ ಹಾಕಿದೆ. "ಸ್ಟ್ರಾಂಗ್ ಕೇಸ್. ಪರಿಹಾರ ಗ್ಯಾರಂಟಿ. ಒಂದೆರಡು ವರ್ಷ ಹಿಡೀಬಹುದು."

"ಮನೆ?"

"ಕೆಡವಿದ ಮನೇನ ಯಾವ ಜಡ್ಜ್ ವಾಪಸ್ ಕೊಡ್ತಾರೆ, ದ್ವಾರಕಾ ಸಾನ್?"

ಸಂಜೆ ಸ್ಟೇಷನ್‌ನಲ್ಲಿ ಕಾದೆ. ಇಬ್ಬರೂ ಬಂದರು. ನಡೆದದ್ದನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಪ್ರಣತಿ ಅಳಲಿಲ್ಲ. ಸೂಟ್‌ಕೇಸಿನ ಹಿಡಿ ಬಿಗಿಯಾಗಿ ಹಿಡಿದುಕೊಂಡಳು.

"ಗೆಲ್ತೀವಾ ಸರ್?"

"ನೂರಕ್ಕೆ ನೂರು. ಕಾನೂನು ನಮ್ಮ ಕಡೆ ಇದೆ."

ನಿಧಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷ್. ನನ್ನ ಅಂಗಿ ಜಗ್ಗಿದಳು.

"ಓಕೆ ಅಂಕಲ್. ಬಟ್ ವಿಚ್ ಬಸ್ ಡು ವಿ ಟೇಕ್ ಹೋಮ್?"

ಯೋಕೋಹಾಮಾದ ಅರ್ಧ ಕನ್ನಡಿಗರಿಗೆ ಮನೆ ಕೊಡಿಸಿದವನು ನಾನು. ಅವಳಿಗೆ ಎದುರಿನ ಕೊಂಬಿನಿ ಅಂಗಡಿಯಲ್ಲಿ ಒಂದು ಐಸ್‌ಕ್ರೀಂ ಕೊಡಿಸಿದೆ.