ಕಾಗದದ ಹಡಗಿನ ಕೊಲೆ

ಅತ್ತೆ ಕಾಗದದ ದೋಣಿಯೊಂದಕ್ಕೆ ಬೈಯುತ್ತಿದ್ದ ಹೊತ್ತಿಗೆ ಸರಿಯಾಗಿ ಪುಟ್ಟಿ ಅಳುತ್ತಾ ಒಳಗೆ ಬಂದಳು. ದೋಣಿಯ ತಪ್ಪು ಇಷ್ಟೇ: ಅದು ಬಾಳೆಹಣ್ಣಿನ ಹಾಗೆ ಒಂದು ಕಡೆಗೆ ಬಾಗಿಕೊಂಡಿತ್ತು. ಅಷ್ಟು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದ ಅತ್ತೆಯ ಎದುರು ಹಾಗೆ ಸೊಟ್ಟಗೆ ನಿಲ್ಲುವ ಧೈರ್ಯ ಯಾವ ಹುಡುಗಿಗೂ ಇರಲಿಲ್ಲ, ಈ ಕಾಗದಕ್ಕೆ ಬಂದಿತ್ತು.

"ಮೊದಲು ಮೂಗು ಒರೆಸ್ಕೋ," ಎಂದರು ಅತ್ತೆ. "ಆಮೇಲೆ ಹೇಳು."

ಪುಟ್ಟಿ ಸೊಸೆಯ ತಂಗಿ. ಹಲ್ಲಿನ ಡಾಕ್ಟರ ಹತ್ತಿರ ತಟ್ಟೆ ಹಿಡಿದು ನಿಲ್ಲುವ ಕೆಲಸ. ಕಂಡವರ ಬಾಯಿ ನೋಡಿ ನೋಡಿ ಸಾಕಾಗಿ, ಹೋದ ವರ್ಷ ಕಾಗದ ಹಡಗು ಸಂಘಕ್ಕೆ ಸೇರಿದ್ದಳು. ಸೊಸೆಗೆ ಆ ಸಂಘವೆಂದರೆ ಅಷ್ಟಕ್ಕಷ್ಟೆ. ಬೆಳೆದ ಗಂಡಸರು ಚಿಮಟ ಹಿಡಿದು ಕಾಗದದ ಫಿರಂಗಿ ಅಂಟಿಸುತ್ತಾ, ನೀರು ಕಂಡರೆ ಕರಗಿಹೋಗುವ ಹಡಗಿನ ಮುಂದೆ ನೌಕಾಪತಿಗಳ ಹಾಗೆ ಎದೆ ಸೆಟೆಸಿ ನಿಲ್ಲುವುದನ್ನು ನೋಡಿದರೆ ಅವಳಿಗೆ ನಗು ಬರುತ್ತಿತ್ತು. ಆದರೆ ತಂಗಿ ಅಲ್ಲಿ ಕೂತು ಕತ್ತರಿಸಿ, ಮಡಚಿ, ಅಂಟಿಸಿ ಬಂದ ದಿನ ಮನೆಯಲ್ಲಿ ಹಾಡು ಗುನುಗುತ್ತಿದ್ದಳು. ಅದಕ್ಕೇ ಸೊಸೆ ಸುಮ್ಮನಿದ್ದಳು.

ಇವತ್ತು ಸಂಘದ ಪ್ರದರ್ಶನ. ವಸ್ತುಸಂಗ್ರಹಾಲಯದ ಮುಖ್ಯಸ್ಥೆ ಮಧ್ಯಾಹ್ನ ಬರುವವರಿದ್ದರು. ಅವರ ಮಾದರಿ ತಯಾರಿಸುವ ಕೋಣೆಗೆ ಒಬ್ಬರು ಬೇಕಾಗಿತ್ತು, ಸಂಘದವರ ಕೈಕೆಲಸ ನೋಡಿ ಆರಿಸುತ್ತೇವೆ ಎಂದಿದ್ದರು. ಪುಟ್ಟಿ ಆ ಕೆಲಸಕ್ಕಾಗಿ ಕಾದಿದ್ದಳು. ಆದರೆ ಬೆಳಿಗ್ಗೆ ಬಾಗಿಲು ತೆರೆದಾಗ ಸಂಘದ ಅಧ್ಯಕ್ಷರ ದೊಡ್ಡ ಹಡಗು ಅಪ್ಪಚ್ಚಿಯಾಗಿ ಬಿದ್ದಿತ್ತಂತೆ. ಅದರ ಅಡಿಯಲ್ಲಿ ಪುಟ್ಟಿಯ ಹೆಣಿಗೆ ಸೂಜಿ ಸಿಕ್ಕಿತ್ತು. ಮಡಿಕೆ ಬೀಳಬೇಕಾದ ಕಡೆ ಗೆರೆ ಒತ್ತಲು ಅವಳು ಅದನ್ನೇ ಬಳಸುತ್ತಿದ್ದಳು. ಹಿಂದಿನ ಸಂಜೆ ಕೊನೆಗೆ ಬೀಗ ಹಾಕಿ ಹೋದವಳೂ ಅವಳೇ.

"ಎಲ್ಲರ ಮುಂದೆ ತಪ್ಪೊಪ್ಕೊಂಡು ಸಂಘ ಬಿಡಬೇಕಂತೆ. ಇಲ್ಲಾಂದ್ರೆ ಮುಖ್ಯಸ್ಥೆಗೆ ಅಧ್ಯಕ್ಷರೇ ಹೇಳ್ತಾರಂತೆ. ಆಮೇಲೆ ನನ್ನನ್ನ ಯಾರು ತಗೋತಾರೆ, ಅತ್ತೆ?"

"ನಿನ್ನೆ ಏನಾದ್ರೂ ಜಗಳ ಆಯ್ತಾ?"

ಆಗಿತ್ತು. ಅಧ್ಯಕ್ಷರು ಎಲ್ಲರೆದುರು ಅವಳ ಪುಟ್ಟ ಹಡಗನ್ನು ಎತ್ತಿ ಹಿಡಿದು ಗೇಲಿ ಮಾಡಿದ್ದರು. ಕತ್ತರಿಸಿದ ಅಂಚಿಗೆ ಬಣ್ಣ ಹಚ್ಚಿಲ್ಲ, ಎಲ್ಲ ಕಡೆ ಬಿಳಿ ಗೆರೆ ಇಣುಕುತ್ತಿದೆ ಎಂದರು. ಅಷ್ಟಕ್ಕೇ ಬಿಡದೆ, ಅವಳು ಹಡಗಿನ ಮೈಗೆ ಪಟ್ಟಿ ಅಂಟಿಸುವ ರೀತಿಯನ್ನೂ ಆಡಿಕೊಂಡರು. ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ, ನಡಿಗೆ ಕಲಿಯುವ ಕೂಸಿನ ಹಾಗೆ. ಕೈ ಪಳಗಿದವನು ಒಂದು ಪಕ್ಕ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕುತ್ತಾನೆ ಎಂದರಂತೆ.

ಅತ್ತೆ ತಮ್ಮ ಬಾಳೆಹಣ್ಣು ದೋಣಿಯನ್ನು ತಿರುಗಿಸಿ ನೋಡಿದರು. ಅದನ್ನು ಮೇಜಿನ ಮೇಲಿಡದೆ ಚೀಲಕ್ಕೆ ಹಾಕಿಕೊಂಡರು.

"ನಡಿ," ಎಂದರು ಸೊಸೆಗೆ.

ಆ ಬೀದಿಯಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅತ್ತೆಯ ಹತ್ತಿರ ಬರುತ್ತಿದ್ದರು. ಅತ್ತೆಗೆ ಜನರ ಮೇಲೆ ಒಳ್ಳೆಯ ಅಭಿಪ್ರಾಯವೇ ಇಲ್ಲದ್ದರಿಂದ ಪತ್ತೆ ಬೇಗ ಆಗುತ್ತಿತ್ತು. ಅವರ ಚೀಲ ಹೊರುವುದು, ಅವರ ನಾಲಿಗೆಯಿಂದ ಗಾಯಗೊಂಡವರನ್ನು ಸಮಾಧಾನ ಮಾಡುವುದು ಸೊಸೆಯ ಪಾಲಿನ ಕೆಲಸ.

ಸಂಘದ ಸಭಾಂಗಣ ವಾಚನಾಲಯದ ಮಹಡಿಯ ಮೇಲಿತ್ತು. ಮೆಟ್ಟಿಲ ತುದಿಯಲ್ಲೇ ಕಾರ್ಯದರ್ಶಿ ಸಿಕ್ಕ. ತೆಳ್ಳನೆಯ ಆಸಾಮಿ, ಶೋಕದ ಮುಖ ಮಾಡಲು ಬಹಳ ಕಷ್ಟಪಡುತ್ತಿದ್ದ. ಅಧ್ಯಕ್ಷರ ಕುರ್ಚಿಯ ಮೇಲೆ ಅವನಿಗೆ ಕಣ್ಣಿತ್ತೆಂದು ಪುಟ್ಟಿ ದಾರಿಯಲ್ಲೇ ಹೇಳಿದ್ದಳು. ಸಭಾಂಗಣದ ಇನ್ನೊಂದು ಬೀಗದಕೈ ಅವನ ಹತ್ತಿರವಿತ್ತು, ಮತ್ತೊಂದು ಅಧ್ಯಕ್ಷರ ಹತ್ತಿರ. ಇವನೇ ಇರಬೇಕು ಎಂದು ಸೊಸೆ ಅಲ್ಲೇ ತೀರ್ಮಾನಿಸಿಬಿಟ್ಟಳು.

ಅಧ್ಯಕ್ಷರು ಒಳಗೆ ಕುರ್ಚಿಯಲ್ಲಿ ಒರಗಿದ್ದರು. ಅಂಗಿಗೆ ಇಸ್ತ್ರಿ, ಮೀಸೆಗೆ ಕತ್ತರಿ, ಮಾತಿಗೆ ತೂಕ, ಎಲ್ಲವೂ ಅಳತೆಯಲ್ಲಿದ್ದ ಮನುಷ್ಯ. ಎರಡು ವರ್ಷದ ತಪಸ್ಸು ಮಣ್ಣುಪಾಲಾಯಿತು ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಕನ್ನಡಕವನ್ನು ಹಾಗೇ ಅಂಗಿಯ ಜೇಬಿಗೆ ತುರುಕಿದರು. ಕೋಟಿನ ಒಳಜೇಬಿನಲ್ಲಿ ಕನ್ನಡಕದ ಡಬ್ಬಿ ಉಬ್ಬಿಕೊಂಡಿದ್ದು ಸೊಸೆಗೆ ಕಂಡಿತು. ಕಂಡರೂ ಅವಳು ಅದಕ್ಕೆ ಬೆಲೆ ಕೊಡಲಿಲ್ಲ.

ಹಡಗು ಗೋಡೆಗೆ ತಾಗಿದ ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು. ಅದನ್ನು ಯಾವಾಗಲೂ ಒಂದು ಪಕ್ಕ ಮಾತ್ರ ಕಾಣುವ ಹಾಗೆ ಅಡ್ಡಲಾಗಿಯೇ ಇಡುತ್ತಿದ್ದರು, ಮುಂದೆ ಹಗ್ಗ ಕಟ್ಟಿ ಮೂತಿಯ ಕಡೆಗೆ ಯಾರನ್ನೂ ಬಿಡುತ್ತಿರಲಿಲ್ಲ ಎಂದು ಪುಟ್ಟಿ ಪಿಸುಗುಟ್ಟಿದಳು. ಮೇಲೆ ಮುಚ್ಚಿದ್ದ ಗಾಜಿನ ಪೆಟ್ಟಿಗೆಗೆ ಒಂದು ಗೀರೂ ಬಿದ್ದಿರಲಿಲ್ಲ. ಮಡಚಿದ ಮೆತ್ತನೆಯ ಬಟ್ಟೆಯ ಮೇಲೆ ಅದನ್ನು ಜೋಪಾನವಾಗಿ ಕೆಳಗಿಟ್ಟಿದ್ದರು. ಹಡಗಿನ ಅಂಚಿಗೆ ತೂಗುಹಾಕಿದ್ದ ಪುಟ್ಟ ಪುಟ್ಟ ದೋಣಿಗಳು ಮಾತ್ರ ಒಂದೂ ಇರಲಿಲ್ಲ.

"ಅವನ್ನೂ ಕದ್ದಿದ್ದಾಳೆ," ಎಂದರು ಅಧ್ಯಕ್ಷರು.

ಅತ್ತೆ ಚೀಲದಿಂದ ಭೂತಗನ್ನಡಿ ತೆಗೆದರು. ದೋಣಿಗಳಿದ್ದ ಕೊಕ್ಕೆಗಳನ್ನು ಅದರಲ್ಲಿ ನೋಡಿದರು. ಸೂಜಿ ಸಿಕ್ಕ ಜಾಗವನ್ನು ಕಾರ್ಯದರ್ಶಿಯಿಂದ ತೋರಿಸಿಕೊಂಡರು. ಅಪ್ಪಚ್ಚಿಯಾದ ಹಡಗನ್ನು ಮೆಲ್ಲಗೆ ಬೋರಲು ಹಾಕಿ ಅದರ ತಳದ ಮೇಲೆ ಬೆರಳಾಡಿಸಿದರು. ಬೆನ್ನೆಲುಬಿನ ಉದ್ದಕ್ಕೂ ಹೊದಿಕೆಯ ಪಟ್ಟಿಗಳು ಸೇರುವ ಕಡೆ ಬಹಳ ಹೊತ್ತು ನೋಡಿದರು. ಬೆಳಿಗ್ಗೆ ಮೊದಲು ಬಂದವರು ಯಾರು ಎಂದು ಕೇಳಿದಾಗ ತಾವೇ ಎಂದು ಅಧ್ಯಕ್ಷರು ಒಪ್ಪಿಕೊಂಡರು. ಕಾರ್ಯದರ್ಶಿ ಬಂದಾಗ ಅವರು ಆಗಲೇ ತಲೆಯ ಮೇಲೆ ಕೈ ಹೊತ್ತು ಕೂತಿದ್ದರಂತೆ, ಆಮೇಲೆ ಕೋಣೆ ಬಿಟ್ಟು ಕದಲಿಲ್ಲವಂತೆ.

ಅಷ್ಟರಲ್ಲಿ ಮುಖ್ಯಸ್ಥೆ ಬಂದೇಬಿಟ್ಟರು. ಗಿಡ್ಡನೆಯ, ಮಾತು ಕಡಿಮೆಯ ಹೆಂಗಸು. ಅಧ್ಯಕ್ಷರು ಎದ್ದು ದುಃಖದ ಭಾಷಣ ಶುರುಮಾಡುವ ಮೊದಲೇ ಅತ್ತೆ ಎಲ್ಲರನ್ನೂ ಮೇಜಿನ ಸುತ್ತ ಕುರ್ಚಿ ಎಳೆದುಕೊಂಡು ಕೂರಲು ಹೇಳಿದರು. ಹೆಡ್‌ಮಿಸ್ಟ್ರೆಸ್ ದನಿ, ಎಲ್ಲರೂ ಕೂತರು. ಪುಟ್ಟಿ ಮಾತ್ರ ಬಾಗಿಲ ಹತ್ತಿರ ನಿಂತೇ ಇದ್ದಳು.

"ದ್ವೇಷಕ್ಕೆ ಹಡಗು ಒಡೆಯೋಳು ಗಾಜಿನ ಪೆಟ್ಟಿಗೆಗೆ ಹಾಸಿಗೆ ಹಾಸ್ತಾಳಾ?" ಎಂದು ಅತ್ತೆ ಶುರುಮಾಡಿದರು. "ಅದೇ ಪೆಟ್ಟಿಗೆ ಎತ್ತಿ ಕುಕ್ಕಿದ್ರೆ ಒಂದೇ ಏಟಿಗೆ ಕೆಲಸ ಮುಗೀತಿತ್ತು. ಪೆಟ್ಟಿಗೆ ಮುಂದೆ ಬೇಕು ಅನ್ನೋರು ಇಟ್ಟ ಹಾಗಿದೆ ಇದು."

ಎಲ್ಲರ ಕಣ್ಣೂ ಗಾಜಿನ ಕಡೆ ಹೋಯಿತು.

ಸೂಜಿಯ ವಿಷಯವನ್ನು ಅವರು ಮಾಡಿಯೇ ತೋರಿಸಿದರು. ಮೇಜಿನ ಮೇಲೆ ಸೂಜಿ ಇಟ್ಟು, ಮೇಲೆ ದಪ್ಪ ಹಾಳೆ ಇಟ್ಟು ಅಂಗೈಯಿಂದ ಒತ್ತಿದರು. ಹಾಳೆಯ ಮೇಲೆ ಉದ್ದಕ್ಕೆ ಗೆರೆ ಮೂಡಿತು. ಹಡಗು ಅಪ್ಪಚ್ಚಿಯಾಗುವಾಗ ಸೂಜಿ ಅಡಿಯಲ್ಲಿದ್ದಿದ್ದರೆ ತಳದ ಮೇಲೆ ಇಂಥದೇ ಗೆರೆ ಇರಬೇಕಿತ್ತು. ಇರಲಿಲ್ಲ. ಎಲ್ಲ ಮುಗಿದ ಮೇಲೆ ಯಾರೋ ಪುಟ್ಟಿ ಬಿಟ್ಟುಹೋಗಿದ್ದ ಸೂಜಿಯನ್ನು ತಂದು ಅಡಿಗೆ ತೂರಿಸಿದ್ದರು. ಕಾರ್ಯದರ್ಶಿ ಬೆವರತೊಡಗಿದ. ಅವನ ಬೆವರು ನೋಡಿ ಸೊಸೆಗೆ ತನ್ನ ಬುದ್ಧಿಯ ಮೇಲೆ ಮೆಚ್ಚುಗೆಯಾಯಿತು.

"ನೀವ್ಯಾಕ್ರೀ ಬೆವರ್ತೀರಿ?" ಎಂದರು ಅತ್ತೆ ಅವನಿಗೆ. "ಇಷ್ಟು ಮಾಡೋ ಗುಂಡಿಗೆ ನಿಮಗಿಲ್ಲ. ಸುಮ್ನೆ ಕೂತ್ಕೊಳ್ಳಿ."

ಸೊಸೆಯ ಮೆಚ್ಚುಗೆ ಅಲ್ಲಿಗೇ ಇಳಿಯಿತು.

ಅತ್ತೆ ಚೀಲದಿಂದ ತಮ್ಮ ಬಾಳೆಹಣ್ಣು ದೋಣಿಯನ್ನು ತೆಗೆದು ಹಡಗಿನ ಪಕ್ಕದಲ್ಲಿಟ್ಟರು. ಯಾರೋ ಕಿಸಕ್ಕೆಂದರು.

"ನಗಿ. ಇದು ನನ್ನ ಮೊದಲ್ನೇದು. ಎಡಪಕ್ಕ ಪೂರ್ತಿ ಅಂಟಿಸಿ ಮುಗಿಸಿ, ಆಮೇಲೆ ಬಲಪಕ್ಕ ಹಿಡಿದೆ. ಅಂಟು ಒಣಗ್ತಾ ಕಾಗದಾನ ಎಳೆಯುತ್ತೆ. ಬಲಗಡೆಯಿಂದ ಎದುರಿಗೆ ಎಳೆಯೋಕೆ ಏನೂ ಇರಲಿಲ್ಲ, ಬೆನ್ನೆಲುಬು ಬಾಗಿಬಿಡ್ತು. ಅದಕ್ಕೇ ಎಡಕ್ಕೊಂದು ಬಲಕ್ಕೊಂದು ಅಂಟಿಸಬೇಕು ಅಂತ ಈ ಹುಡುಗಿ ಹೇಳಿದ್ಳು. ನಾನು ಕೇಳಲಿಲ್ಲ, ನನಗೆ ಕೊಬ್ಬು. ಈಗ ಈ ದೊಡ್ಡ ಹಡಗು ನೋಡಿ. ತಳದಲ್ಲಿ ಎಡಗಡೆ ಪಟ್ಟಿಗಳೆಲ್ಲ ಅಡಿಯಲ್ಲಿವೆ, ಬಲಗಡೆಯವೆಲ್ಲ ಅವುಗಳ ಮೇಲೆ ಕೂತಿವೆ. ಅಂದ್ರೆ ಒಂದು ಪಕ್ಕ ಮುಗಿಸಿಯೇ ಇನ್ನೊಂದು ಪಕ್ಕ. ಮೇಲಿಂದ ಒತ್ತಿ ಚಪ್ಪಟೆ ಮಾಡಿದ್ರೂ ಬೆನ್ನೆಲುಬು ಪಕ್ಕಕ್ಕೆ ಬಾಗಿದ್ದು ಹೋಗಿಲ್ಲ."

ಮುಖ್ಯಸ್ಥೆ ಎದ್ದು ಬಂದು, ಒಂದು ಕಣ್ಣು ಮುಚ್ಚಿ, ಮೂತಿಯ ಕಡೆಯಿಂದ ಬಾಲದವರೆಗೆ ನೋಡಿದರು. ನೋಡಿ ತಮ್ಮ ಕುರ್ಚಿಗೆ ಹೋಗಿ ಕೂತರು.

"ಅವರು ಯಾವ ಮಾದರಿ ಕೊಟ್ರೂ ಮೊದಲು ಹೀಗೇ ನೋಡೋದು, ಅದು ಈ ಕೋಣೇಲಿ ಎಲ್ಲರಿಗೂ ಗೊತ್ತು," ಎಂದರು ಅತ್ತೆ. "ಅಡ್ಡಲಾಗಿ ಇಟ್ಟು, ಹಗ್ಗ ಕಟ್ಟಿ ಇಷ್ಟು ದಿನ ಮುಚ್ಚಿಟ್ಟಿದ್ದು ಇವತ್ತು ಬಯಲಾಗ್ತಿತ್ತು. ಪಾಠ ಹೇಳೋ ಅಧ್ಯಕ್ಷರೇ ಎಳೆಮಕ್ಕಳ ತಪ್ಪು ಮಾಡಿದಾರೆ ಅಂತ ಊರೆಲ್ಲ ನಗೋ ಬದಲು, ಹಡಗೇ ಸತ್ತುಹೋದ್ರೆ ಎಲ್ಲರೂ ಅಯ್ಯೋ ಅಂತಾರೆ."

ಅಧ್ಯಕ್ಷರು ಇದೆಲ್ಲ ಕಟ್ಟುಕತೆ ಎಂದು ಗುಡುಗಿದರು. ಒಬ್ಬ ಮುದುಕಿ ಸೊಟ್ಟ ದೋಣಿ ಹಿಡಿದು ಬಂದು ತಮಗೆ ಪಾಠ ಹೇಳುವುದೇ ಎಂದರು.

"ಇನ್ನೊಂದೇ ಉಳಿದಿದೆ, ಪುಟ್ಟ ದೋಣಿಗಳು. ಕೊಕ್ಕೆಯಿಂದ ಒಂದೊಂದನ್ನೂ ಅಲಗಿನಿಂದ ಬಿಡಿಸಿದಾರೆ, ಒಂದು ಎಳೆ ಕಾಗದ ಹರಿದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಹಡಗು ಹಿಸುಕೋಕೆ ಮನಸ್ಸು ಬಂತು, ಅವನ್ನ ಹಿಸುಕೋಕೆ ಬರಲಿಲ್ಲ. ಬೆಳಗಿನಿಂದ ಅವರು ಈ ಕೋಣೆ ಬಿಟ್ಟು ಹೋಗಿಲ್ಲ. ದೋಣಿಗಳು ಈಗ್ಲೂ ಅವರ ಮೈಮೇಲೇ ಇವೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಧ್ಯಕ್ಷರ ಕೈ ತಾನಾಗಿಯೇ ಕೋಟಿನ ಒಳಜೇಬಿಗೆ ಹೋಯಿತು.

"ಅಷ್ಟು ಅಚ್ಚುಕಟ್ಟಿನ ಮನುಷ್ಯ, ಡಬ್ಬಿ ಇಟ್ಕೊಂಡು ಕನ್ನಡಕಾನ ಬರೀ ಜೇಬಿಗೆ ಹಾಕ್ತೀರಲ್ಲ," ಎಂದರು ಅತ್ತೆ. "ತೆಗೀರಿ."

ಯಾರೂ ಅವರ ಮೈಮುಟ್ಟಲಿಲ್ಲ. ಕೊನೆಗೆ ಅಧ್ಯಕ್ಷರು ತಾವೇ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಹತ್ತಿಯ ಮೇಲೆ ಹನ್ನೆರಡು ದೋಣಿಗಳು ಮಲಗಿದ್ದವು. ಕಡಲೆಕಾಯಿ ಸಿಪ್ಪೆಗಿಂತ ಚಿಕ್ಕವು. ಒಳಗೆ ಕೂರುವ ಹಲಗೆ, ಹುಟ್ಟು, ಹಗ್ಗದ ಸುರುಳಿ ಎಲ್ಲವೂ ಇದ್ದವು. ಸಂಘವನ್ನು ಅಷ್ಟು ಆಡಿಕೊಳ್ಳುತ್ತಿದ್ದ ಸೊಸೆಯೂ ಕುರ್ಚಿ ಬಿಟ್ಟೆದ್ದು ಹತ್ತಿರ ಬಂದು ನೋಡಿದಳು.

ಮುಖ್ಯಸ್ಥೆ ಡಬ್ಬಿಯ ಮೇಲೆ ಬಗ್ಗಿದರು. "ಇವನ್ನಷ್ಟೇ ತೋರಿಸಿದ್ರೂ ನಾನು ಆ ಕೆಲಸಕ್ಕೆ ನಿಮ್ಮನ್ನೇ ಕರೀತಿದ್ದೆ," ಎಂದರು. "ಹಡಗು ಸೊಟ್ಟ ಇದ್ರೆ ಏನಾಯ್ತು, ಇನ್ನೊಂದು ಕಟ್ಟಬಹುದಿತ್ತು. ಈಗ ಕರೆಯೋ ಹಾಗಿಲ್ಲ."

ಆಮೇಲೆ ಅವರು ಕಿಟಕಿಯ ಬಳಿಯಿದ್ದ ಪುಟ್ಟಿಯ ಹಡಗನ್ನು ಎತ್ತಿ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿದರು. ಬಿಳಿ ಅಂಚುಗಳು ದೂರಕ್ಕೂ ಕಾಣುತ್ತಿದ್ದವು. ಬೆನ್ನೆಲುಬು ಮಾತ್ರ ಎಳೆದ ದಾರದಷ್ಟು ನೇರವಿತ್ತು. ಬಣ್ಣ ಹಚ್ಚುವುದನ್ನು ಕಲಿಸಬಹುದು, ಸೋಮವಾರ ಬಾ ಎಂದರು. ಪುಟ್ಟಿ ಮತ್ತೆ ಅತ್ತಳು. ಈ ಸಲ ಅತ್ತೆ ಮೂಗು ಒರೆಸಿಕೋ ಎನ್ನಲಿಲ್ಲ.

ಎಲ್ಲರೂ ಹೊರಟಾಗ ಪುಟ್ಟಿ ಹಿಂದೆ ಉಳಿದಳು. ಅಧ್ಯಕ್ಷರ ಎದುರು ಕೂತು, ದೋಣಿಯೊಳಗಿನ ಹಗ್ಗವನ್ನು ಹಾಗೆ ಸುತ್ತುವುದು ಹೇಗೆಂದು ಕೇಳುತ್ತಿದ್ದಳು. ಸೊಸೆಗೆ ಮೈ ಉರಿಯಿತು.

"ಅವಳಿಗೆ ಒಂಚೂರೂ ಮಾನ ಇಲ್ವಾ ಅತ್ತೆ? ಕಳ್ಳಿ ಅಂದೋರ ಹತ್ರ ಹೋಗಿ ಪಾಠ ಹೇಳಿಸ್ಕೋತಾಳೆ."

"ಇಲ್ಲ," ಎಂದರು ಅತ್ತೆ. "ನನಗೂ ಅವರಿಗೂ ಇದ್ದಷ್ಟು ಅವಳಿಗಿಲ್ಲ. ಅದಕ್ಕೇ ಅವಳ ಹಡಗು ನೆಟ್ಟಗಿದೆ."

ಅವರು ತಮ್ಮ ಬಾಳೆಹಣ್ಣನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು.