ಬಾಣದ ಮೊಣಕೈಯಲ್ಲಿನ ಸೊನ್ನೆ

ಪರದೆಯ ಮೇಲೆ ತಗಡಿನ ಪೆಟ್ಟಿಗೆಯೊಂದು ತಾನಾಗಿಯೇ ಮೂಡುತ್ತಿತ್ತು. ಅಂಚು ಅಂಚಿಗೂ ಒಂದೊಂದು ಬಾಣ ಬಂದು ತಾಗುತ್ತಿತ್ತು, ಬಾಣದ ಗೆರೆಯ ಮೇಲೆ ಬೆಸುಗೆಯ ಗುರುತು ಕೂರುತ್ತಿತ್ತು. ಜಮಖಂಡಿಯ ಆ ಕಾರ್ಖಾನೆಯಲ್ಲಿ ಇದನ್ನು ಬರೆಯುತ್ತಿದ್ದುದು ‘ಹಸ್ತಸ್ಮೃತಿ’ ಯಂತ್ರ. ನಕ್ಷೆಗಾರ ಗುರುಪಾದಪ್ಪ ಮಾಸ್ತರರು ತೀರಿಕೊಂಡು ಆರು ತಿಂಗಳಾಗಿತ್ತು. ಅವರು ನಲವತ್ತು ವರ್ಷ ಬರೆದ ನಕ್ಷೆಗಳನ್ನೆಲ್ಲ ಓದಿಸಿ, ವಿಜ್ಞಾನಿ ಊರ್ಮಿಳಾ ಕಟ್ಟಿ ಅವರ ಕೈಯ ವಿವೇಕವನ್ನೇ ಯಂತ್ರದೊಳಗೆ ಇಳಿಸಿದ್ದರು.

ತೆಳು ತಗಡಿಗೆ ಗುರುತು ಆರಿಸುವುದು ಸಣ್ಣ ಮಾತಲ್ಲ. ಬೆಸುಗೆ ಹೆಚ್ಚಾದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ, ಕಡಿಮೆಯಾದರೆ ಸೋರುತ್ತದೆ. ಗುರುತು ತ್ರಿಕೋನವಾಗಿದ್ದರೆ ಮೂಲೆಯಲ್ಲಿ ಬೆಸುಗೆ ತುಂಬಬೇಕು. ಬಾಣದ ಗೆರೆ ಬಾಗುವ ಮೊಣಕೈಯಲ್ಲಿ ಸೊನ್ನೆಯಿದ್ದರೆ, ಸುತ್ತಲೂ ಎಲ್ಲಿಯೂ ಬಿಡದೆ ಮುಚ್ಚಬೇಕು.

ಈ ಪೆಟ್ಟಿಗೆ ಕೃಷ್ಣೆಯ ಹಿನ್ನೀರಿನಲ್ಲಿ ಜನರನ್ನು ದಾಟಿಸುವ ಬಾರ್ಜಿನ ತೇಲುಡಬ್ಬಿ. ಸೊನ್ನೆ ಬೇಕೇ ಬೇಕು. ಯಂತ್ರ ಹಾಕಲಿಲ್ಲ. ಒಂದು ಬೆರಳಿನಷ್ಟು ಜಾಗವನ್ನು ತೆರೆದೇ ಬಿಟ್ಟಿತು. ಮೂರು ಸಲ ಅಳಿಸಿ ಬರೆಸಿದರೂ ಹಾಗೆಯೇ.

ಬೆಸುಗೆಯ ಮೌಲಾಬಿ ಹಿಂದೆ ನಿಂತು ನೋಡುತ್ತಿದ್ದಳು. ಕಾರ್ಖಾನೆಯಲ್ಲಿ ಅವಳಷ್ಟು ಸಣ್ಣ ಬೆಸುಗೆಯ ಗೆರೆ ಎಳೆಯುವವರಿರಲಿಲ್ಲ. ಆದರೂ ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಮುಚ್ಚಿದ ಡಬ್ಬಿಯನ್ನೂ ಮಾಸ್ತರರು ಅವಳಿಗೆ ಕೊಟ್ಟಿರಲಿಲ್ಲ.

“ಯಂತ್ರಕ್ಕೇನೂ ಆಗಿಲ್ರಿ ಮೇಡಂ,” ಎಂದಳು. “ಮಾಸ್ತರ ನನ್ನ ಕೈ ನಂಬಲೇ ಇಲ್ಲ. ಸತ್ತ ಮ್ಯಾಲೂ ನಂಬವಲ್ರು.”

ಊರ್ಮಿಳಾ ನಗಲು ಹೋಗಿ ತಡೆದರು. ನಕ್ಷೆಯ ಕೆಳಮೂಲೆಯ ಚೌಕದಲ್ಲಿ ಬೆಸೆಯುವವರ ಹೆಸರು ಬರೆಯುವುದು ಅಲ್ಲಿಯ ಪದ್ಧತಿ. ಮೌಲಾಬಿಯ ಹೆಸರು ತೆಗೆದು ಬೇರೊಬ್ಬರದು ಹಾಕಿದರು. ಸೊನ್ನೆ ಬಂತು. ಮತ್ತೆ ಅವಳ ಹೆಸರು ಹಾಕಿದರು. ಸೊನ್ನೆ ಮಾಯವಾಯಿತು. ಯಾರೂ ಇಲ್ಲದ ಮನೆಯೊಳಗೆ ಯಾರೋ ಕೆಮ್ಮಿದಂತಾಯಿತು.

ಯಂತ್ರ ಇದನ್ನು ಕಲಿತದ್ದೆಲ್ಲಿ ಎಂದು ಹುಡುಕಿದರೆ, ಮೌಲಾಬಿಯ ಹೆಸರಿದ್ದ ಯಾವ ನಕ್ಷೆಯಲ್ಲೂ ಮಾಸ್ತರರು ಸೊನ್ನೆ ಹಾಕಿರಲಿಲ್ಲ. ಇನ್ನೂ ಹಿಂದೆ ಹಿಂದೆ ಹೋದಾಗ ಅವರೇ ಬರೆದ ಹಳೆಯ ನಕ್ಷೆಯೊಂದು ಸಿಕ್ಕಿತು. ಎಣ್ಣೆಯ ಡಬ್ಬಿ. ಮೊಣಕೈಯಲ್ಲಿ ಸೊನ್ನೆಯಿತ್ತು, ಒಳಗಿನ ಗಾಳಿ ಹೋಗಲು ತೂತು ಬರೆದಿರಲಿಲ್ಲ. ಚೌಕದಲ್ಲಿ ಖಾದರಸಾಬನ ಹೆಸರು. ಅವನು ಮೌಲಾಬಿಯ ತಂದೆ. ಅಂದೇ ಬೆಸೆಯುವಾಗ ಆ ಡಬ್ಬಿ ಕಾದು ಸಿಡಿದು ಅವನು ಸತ್ತಾಗ ಅವಳಿಗೆ ಮೂರು ವರ್ಷ.

ಕೈಹಿಡಿದು ಅವಳಿಗೆ ಬೆಸುಗೆ ಕಲಿಸಿದವರು ಇದೇ ಮಾಸ್ತರರು. ವರ್ಷಕ್ಕೊಂದು ದಿನ ಅವರು ನೀರನ್ನೂ ಮುಟ್ಟುತ್ತಿರಲಿಲ್ಲ. ಯಾವ ದೇವರ ವ್ರತವೋ ಎಂದುಕೊಂಡಿದ್ದಳು. ಅವಳ ಮನೆಯಲ್ಲಿ ಅಪ್ಪ ಸತ್ತ ದಿನ ಚಂದ್ರನ ಲೆಕ್ಕದಲ್ಲಿ ಬರುತ್ತಿತ್ತು, ಮಾಸ್ತರರ ಉಪವಾಸ ಕ್ಯಾಲೆಂಡರಿನ ತಾರೀಖಿಗೆ. ಎರಡೂ ಒಂದೇ ದುಃಖವೆಂದು ತಿಳಿಯುವ ದಾರಿಯೇ ಇರಲಿಲ್ಲ. ಈಗ ನಕ್ಷೆಯ ಮೇಲೆ ಉಪವಾಸದ ಆ ತಾರೀಖೇ ಇತ್ತು.

ಬೇಕಾದರೆ ಯಂತ್ರದಿಂದ ಈ ನೆನಪನ್ನು ಅಳಿಸಿಬಿಡಬಹುದು ಎಂದರು ಊರ್ಮಿಳಾ.

ಮೌಲಾಬಿ ಚೌಕದಲ್ಲಿದ್ದ ಅಪ್ಪನ ಹೆಸರಿನ ಮೇಲೆ ಬೆರಳಿಟ್ಟಳು. ಆಮೇಲೆ, “ಬ್ಯಾಡ್ರಿ,” ಎಂದಳು. “ಅವರ ಅಂಜಿಕಿ ಅದು, ಇರ್ಲಿ. ಸೊನ್ನಿ ನಾ ಹಾಕ್ಕೋತೀನಿ.”

ಮೊದಲು ಗಾಳಿಗೆಂದು ಸಣ್ಣ ತೂತು ಕೊರೆದಳು. ಸುತ್ತಲೂ ಬೆಸೆದಳು. ತಗಡು ಪೂರ್ತಿ ತಣ್ಣಗಾದ ಮೇಲೆ ತೂತನ್ನೂ ಮುಚ್ಚಿದಳು. ನೀರಿನಲ್ಲಿ ಅದ್ದಿ ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ.

ಮರುದಿನ ಎರಡನೆಯ ಡಬ್ಬಿಯ ನಕ್ಷೆ ಬಂತು. ಬೆರಳಿನಷ್ಟು ಜಾಗ ಮತ್ತೆ ತೆರೆದೇ ಇತ್ತು. ಮೌಲಾಬಿ ಕೈಗವಸು ತೆಗೆದಿಟ್ಟು ಪರದೆಯ ಮುಂದೆ ಕುಳಿತಳು. ಮೊದಲು ತೂತಿನ ಗುರುತು ಬರೆದಳು. ಆಮೇಲೆ ಬಾಣದ ಮೊಣಕೈಯಲ್ಲಿ, ತೀರಿಕೊಂಡ ಹಿರಿಯರ ಕಣ್ಣು ಮುಚ್ಚುವಷ್ಟು ಮೆಲ್ಲಗೆ, ಸೊನ್ನೆ ಎಳೆದಳು.